ಹೇಮಂತದಲ್ಲಿ ನೇಮ ತಪ್ಪದಿರಲಿ

ಕಾರ್ತಿಕದ ದೀಪಗಳು ಮುಗಿದು ಮಾರ್ಗಶಿರ ಕಾಲಿಟ್ಟಿತೆಂದರೆ ನಮ್ಮ ಬಯಲುಸೀಮೆಗೆ ಚಳಿ ಇಳಿಯುತ್ತದೆ. ಬೀದರ, ಕಲಬುರಗಿ, ವಿಜಯಪುರದ ಕಡೆಗೆ ಮೋಡವಿಲ್ಲದ ರಾತ್ರಿಗಳಲ್ಲಿ ನೆಲದ ಕಾವೆಲ್ಲ ಆಕಾಶಕ್ಕೆ ಹಾರಿಹೋಗಿ, ನಸುಕಿನ ಹೊತ್ತಿಗೆ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ ಬರುವುದುಂಟು. ಹಿಮ ಬೀಳುವ ನಾಡಿನವರಿಗೆ ಇದು ಚಳಿಯೇ ಅಲ್ಲದಿರಬಹುದು. ವೈಶಾಖದಲ್ಲಿ 42 ಡಿಗ್ರಿಯ ಬಿಸಿಲು ಉಂಡ ಮೈಗೆ ಮಾತ್ರ ಇದು ಚಳಿಯೇ ಸರಿ.

ಶ್ರೀಮಠದ ಅಂಗಳದಲ್ಲಿ ಬೆಳಗಿನ ಹೊತ್ತು ಸುತ್ತಲ ಓಣಿಗಳವರು ತಿರುಗಾಡಲು ಬರುವ ರೂಢಿಯಿದೆ. ದಸರೆಯ ಸುಮಾರಿಗೆ ಮೂವತ್ತು ನಲವತ್ತು ಮಂದಿ ಇರುತ್ತಾರೆ. ಕೆಲವರು ಕೈಬೀಸಿ ನಡೆಯುತ್ತಾರೆ, ಕೆಲವರು ಕಟ್ಟೆಯ ಮೇಲೆ ಕುಳಿತು ಪ್ರಾಣಾಯಾಮ ಮಾಡುತ್ತಾರೆ, ಇನ್ನು ಕೆಲವರು ನಡೆಯುವುದಕ್ಕಿಂತ ಮಾತನಾಡುವುದೇ ಹೆಚ್ಚು. ಅದೂ ಇರಲಿ. ಎಳ್ಳಮಾವಾಸ್ಯೆ ಸಮೀಪಿಸುವಷ್ಟರಲ್ಲಿ ಈ ಮಂದಿಯೆಲ್ಲ ಕರಗಿ ಏಳೆಂಟು ಜನ ಉಳಿಯುತ್ತಾರೆ. ಬಾರದವರು ದರ್ಶನಕ್ಕೆ ಬಂದಾಗ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಅಜ್ಜಾರ, ಎಚ್ಚರ ಆಗ್ತದ್ರಿ, ಹಾಸಿಗಿ ಬಿಡಾಕ ಮನಸ್ಸು ಬರವಲ್ದು. ಮೊದಲಿನ ಹುರುಪು ಇಲ್ರಿ."

ಇದರಲ್ಲಿ ನಗುವ ಸಂಗತಿ ಏನೂ ಇಲ್ಲ. ಹೀಗೆ ಎರಡು ತಿಂಗಳು ಬಿಟ್ಟವರಲ್ಲಿ ಎಷ್ಟೋ ಮಂದಿ ಮತ್ತೆ ಅಂಗಳಕ್ಕೆ ಬಂದದ್ದೇ ಇಲ್ಲ. ಶಿವರಾತ್ರಿಯ ನಂತರ ಬಂದರೆ ಬಿಸಿಲು, ಬಿಸಿಲು ಹೋದರೆ ಮಳೆ, ಮಳೆ ಹೋದರೆ ಹಬ್ಬ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರಿಗೆ ಈ ಎರಡು ತಿಂಗಳ ಬಿಡುವು ದುಬಾರಿಯಾದುದು. ಆದ್ದರಿಂದ ಈ ಸಲ ನಾವು ಈ ಒಂದು ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಹುರುಪಿನ ಮಾತು. ಹುರುಪು ಅತಿಥಿಯಿದ್ದಂತೆ. ಬಂದಾಗ ಸತ್ಕರಿಸಬೇಕು, ಬಾರದಿದ್ದರೆ ಒಲೆ ಹಚ್ಚದೆ ಕೂರಲಾಗದು. ನಸುಕಿನಲ್ಲಿ ಎಮ್ಮೆ ಹಿಂಡುವ ತಾಯಿಯು ಇಂದು ನನಗೆ ಮನಸ್ಸಿದೆಯೋ ಇಲ್ಲವೋ ಎಂದು ಕೇಳಿಕೊಳ್ಳುತ್ತಾಳೆಯೇ? ಹೊತ್ತು ಬಂತು, ಕೆಚ್ಚಲು ತುಂಬಿತು, ಚರಿಗೆ ಹಿಡಿದು ಹೊರಟಳು, ಅಷ್ಟೇ. ಇಷ್ಟಲಿಂಗ ಪೂಜೆ ಮಾಡುವವನೂ ಹಾಗೆಯೇ. ಮನಸ್ಸು ಅರಳಿದ ದಿನ ಪೂಜೆ, ಮುದುಡಿದ ದಿನ ರಜೆ ಎಂಬ ಪದ್ಧತಿ ನಮ್ಮಲ್ಲಿಲ್ಲ. ಷಟ್‌ಸ್ಥಲವನ್ನು ವಿವರಿಸುವಾಗ ಹಿರಿಯರು ಭಕ್ತಸ್ಥಲಕ್ಕೆ ಶ್ರದ್ಧೆಯನ್ನೂ ಮಹೇಶಸ್ಥಲಕ್ಕೆ ನಿಷ್ಠೆಯನ್ನೂ ಪ್ರಸಾದಿಸ್ಥಲಕ್ಕೆ ಅವಧಾನವನ್ನೂ ಹೇಳಿದರು. ಶ್ರದ್ಧೆಯಿಂದ ಹಿಡಿದದ್ದನ್ನು ಕೈಬಿಡದಂತೆ ನಿಲ್ಲಿಸುವುದು ನಿಷ್ಠೆ, ಹಿಡಿದದ್ದು ಹೇಗೆ ನಡೆದಿದೆಯೆಂದು ಎಚ್ಚರದಿಂದ ನೋಡುವುದು ಅವಧಾನ. ದೇಹಾರೋಗ್ಯದ ನೇಮಕ್ಕೂ ಈ ಮೂರೂ ಬೇಕು. ಸಂಕಲ್ಪದ ದಿನ ನಮ್ಮವರಲ್ಲಿ ಶ್ರದ್ಧೆಗೆ ಕೊರತೆಯಿಲ್ಲ. ಚಳಿಗಾಲ ಪರೀಕ್ಷೆ ಮಾಡುವುದು ಉಳಿದೆರಡನ್ನು.

ಅವಧಾನದಿಂದ ನೋಡಿದರೆ ಮೊಟ್ಟಮೊದಲು ಕಾಣುವುದು ಸೂರ್ಯ. ಚಳಿಗಾಲದಲ್ಲಿ ಏಳಲಾಗದಿರುವುದೆಲ್ಲ ಸೋಮಾರಿತನವಲ್ಲ. ಬೆಳಕು ಕಣ್ಣಿಗೆ ಬಿದ್ದರೆ ಮೈ ಎಚ್ಚರಗೊಳ್ಳುತ್ತದೆ, ಕತ್ತಲಿದ್ದರೆ ಇನ್ನೂ ರಾತ್ರಿಯೆಂದೇ ತಿಳಿಯುತ್ತದೆ. ಕಲಬುರಗಿಯ ಸೀಮೆಯಲ್ಲಿ ಜೂನ್ ಆರಂಭದಲ್ಲಿ ಸೂರ್ಯ ಸುಮಾರು 5 ಗಂಟೆ 40 ನಿಮಿಷಕ್ಕೆ ಮೂಡಿದರೆ ಜನವರಿಯಲ್ಲಿ 7 ಗಂಟೆಗೆ ಕೆಲವೇ ನಿಮಿಷ ಕಡಿಮೆ ಇರುವಾಗ ಮೂಡುತ್ತಾನೆ. ಒಂದು ಗಂಟೆಗೂ ಮೇಲ್ಪಟ್ಟ ವ್ಯತ್ಯಾಸವಿದು. ಗಡಿಯಾರದ ಐದು ಗಂಟೆ ಎರಡೂ ಕಾಲಕ್ಕೆ ಒಂದೇ, ಮೈಯ ಐದು ಗಂಟೆ ಒಂದೇ ಅಲ್ಲ. ಬೇಸಿಗೆಯಲ್ಲಿ ಐದಕ್ಕೆ ಎದ್ದು ಹೊರಟವನು ಪುಷ್ಯದಲ್ಲಿಯೂ ಐದಕ್ಕೇ ಏಳಬೇಕೆಂದು ಹಟ ಹಿಡಿದು, ನಾಲ್ಕು ದಿನ ಸೋತು, ಐದನೆಯ ದಿನ ನೇಮವನ್ನೇ ಬಿಟ್ಟುಬಿಡುತ್ತಾನೆ.

ಪಂಚಾಂಗ ನೋಡುವ ರೂಢಿಯುಳ್ಳವರಿಗೆ ಇನ್ನೊಂದು ವಿಶೇಷ ಗೊತ್ತಿರುತ್ತದೆ. ವರ್ಷದ ಅತಿ ದೀರ್ಘ ರಾತ್ರಿ ಡಿಸೆಂಬರ್ 21 ಅಥವಾ 22ರಂದು. ಅಲ್ಲಿಂದ ಮುಂದೆ ಹಗಲು ಬೆಳೆಯುತ್ತದೆಂಬುದು ನಿಜ. ಆದರೆ ಬೆಳೆಯುವುದು ಸಂಜೆಯ ಕಡೆಯಿಂದ. ಸೂರ್ಯೋದಯವು ಆಮೇಲೆಯೂ ದಿನದಿನಕ್ಕೆ ತಡವಾಗುತ್ತಲೇ ಹೋಗಿ ಜನವರಿಯ ಮೂರನೆಯ ವಾರದ ಸುಮಾರಿಗೆ ನಿಲ್ಲುತ್ತದೆ. ಸೂರ್ಯಾಸ್ತವಾದರೋ ನವೆಂಬರ್ ಕೊನೆಯ ವಾರದಲ್ಲಿಯೇ ತನ್ನ ತಳ ಮುಟ್ಟಿ, ಸಂಕ್ರಾಂತಿಯ ಹೊತ್ತಿಗೆ ಸುಮಾರು ಇಪ್ಪತ್ತು ನಿಮಿಷ ಮುಂದೆ ಸರಿದಿರುತ್ತದೆ. "ಸಂಕ್ರಮಣ ಆಗ್ಲಿ ಅಜ್ಜಾರ, ಆಮ್ಯಾಲ ಲಗೂನ ಎದ್ದು ಬರ್ತೀನಿ" ಎಂದು ಮಾತು ಕೊಟ್ಟವರು ಸಂಕ್ರಾಂತಿ ಕಳೆದ ಮೇಲೂ ಕತ್ತಲೆಯನ್ನೇ ಕಂಡು ನಿರಾಶರಾಗುವುದು ಇದರಿಂದ. ನಮ್ಮ ಸಲಹೆ ಸರಳವಾದುದು. ಧನುರ್ಮಾಸದ ಪೂಜೆಗೆ ನಸುಕಿನಲ್ಲಿ ಏಳುವವರು ಏಳಲಿ, ಅದು ಬೇರೆ ಸಂಗತಿ. ತಿರುಗಾಟವನ್ನು ಮಾತ್ರ ಬಿಸಿಲೇರಿದ ಎಂಟು ಗಂಟೆಗೋ ಸಂಜೆಯ ಐದು ಗಂಟೆಗೋ ಸರಿಸಿಕೊಳ್ಳಬಹುದು. ಹೊತ್ತು ಬದಲಾದರೆ ನೇಮ ಕೆಡುವುದಿಲ್ಲ. ಎಳೆಬಿಸಿಲಿನಲ್ಲಿ ನಡೆದರೆ ಮೈಗೂ ಹಿತ, ಮನಸ್ಸೂ ತಿಳಿಯಾಗುತ್ತದೆ.

ಇನ್ನು ನಮ್ಮ ಪ್ರಾಚೀನ ವೈದ್ಯಶಾಸ್ತ್ರ ಈ ಋತುವನ್ನು ಕುರಿತು ಹೇಳಿರುವುದನ್ನು ನೋಡೋಣ. ಮಾರ್ಗಶಿರ, ಪುಷ್ಯ ಹೇಮಂತ. ಮಾಘ, ಫಾಲ್ಗುಣ ಶಿಶಿರ. ಚರಕಸಂಹಿತೆಯ ಸೂತ್ರಸ್ಥಾನದ 6ನೆಯ ಅಧ್ಯಾಯ ಮತ್ತು ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದ 3ನೆಯ ಅಧ್ಯಾಯ ಋತುಚರ್ಯೆಗೆ ಮೀಸಲಾಗಿವೆ. ಇವುಗಳ ಅಭಿಪ್ರಾಯವೆಂದರೆ, ಹೊರಗಿನ ಚಳಿಯು ಮೈಯ ಕಾವನ್ನು ಹೊರಹೋಗಗೊಡದೆ ಒಳಗೇ ತಡೆಯುವುದರಿಂದ ಹೇಮಂತದಲ್ಲಿ ಜಠರಾಗ್ನಿ ಪ್ರಬಲವಾಗುತ್ತದೆ. ಈ ಅಗ್ನಿಗೆ ತಕ್ಕ ಆಹಾರವೆಂಬ ಸೌದೆ ದೊರೆಯದಿದ್ದರೆ ಅದು ದೇಹದ ಧಾತುಗಳನ್ನೇ ಸುಡತೊಡಗುತ್ತದೆ, ವಾತ ಕೆರಳುತ್ತದೆ. ಆದ್ದರಿಂದ ಈ ಕಾಲದಲ್ಲಿ ಜಿಡ್ಡುಳ್ಳ ಪುಷ್ಟಿಯಾದ ಊಟ, ಎಣ್ಣೆಯ ಅಭ್ಯಂಗ, ಬಿಸಿನೀರು, ಬೆಚ್ಚನೆಯ ಉಡುಪು, ಎಳೆಬಿಸಿಲು ಇವೆಲ್ಲ ವಿಹಿತ.

ನಮ್ಮ ಜನ ಇದರಲ್ಲಿ ಅರ್ಧವನ್ನು ಮಾತ್ರ ಚೆನ್ನಾಗಿ ನೆನಪಿಟ್ಟಿದ್ದಾರೆ. ಚಳಿಗಾಲದಲ್ಲಿ ಅಗ್ನಿ ಬಲವಾಗಿರುತ್ತದೆಯೆಂದು ಶಾಸ್ತ್ರವೇ ಹೇಳಿದೆ ಎಂದು ಸಂಜೆಯಾಗುತ್ತಲೇ ಮಿರ್ಚಿ ಭಜಿಯ ಬಾಣಲೆಯ ಮುಂದೆ ನಿಲ್ಲುತ್ತಾರೆ. ಶಾಸ್ತ್ರದ ಉಳಿದರ್ಧ ವ್ಯಾಯಾಮವನ್ನು ಕುರಿತದ್ದು. ವಾಗ್ಭಟನು ದಿನಚರ್ಯೆಯ ಪ್ರಕರಣದಲ್ಲಿ, ಬಲವುಳ್ಳವರು ಮತ್ತು ಜಿಡ್ಡಿನ ಊಟ ಮಾಡುವವರು ಶೀತಕಾಲದಲ್ಲೂ ವಸಂತದಲ್ಲೂ ತಮ್ಮ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಬೇಕು, ಉಳಿದ ಕಾಲಗಳಲ್ಲಿ ಅದಕ್ಕಿಂತ ಕಡಿಮೆ ಮಾಡಬೇಕು ಎನ್ನುತ್ತಾನೆ. ಗಮನಿಸಿ: ನಾವು ಯಾವ ಋತುವಿನಲ್ಲಿ ವ್ಯಾಯಾಮ ಬಿಡುತ್ತೇವೆಯೋ ಅದೇ ಋತುವನ್ನು ಶಾಸ್ತ್ರವು ವ್ಯಾಯಾಮಕ್ಕೆ ಯೋಗ್ಯವಾದುದೆಂದು ಆರಿಸಿಕೊಟ್ಟಿದೆ. ತುಪ್ಪ ಸುರಿದುಕೊಂಡು ಉಣ್ಣಲು ಅನುಮತಿ ಕೊಟ್ಟ ಬಾಯಿಯೇ ಮೈ ದುಡಿಸಲೂ ಹೇಳಿದೆ. ತುಪ್ಪವನ್ನು ತೆಗೆದುಕೊಂಡು ದುಡಿಮೆಯನ್ನು ಬಿಟ್ಟರೆ ಅದು ಶಾಸ್ತ್ರಪಾಲನೆ ಹೇಗಾದೀತು?

ಅರ್ಧಶಕ್ತಿ ಎಂಬ ಈ ಮಾತು ನಮಗೆ ಬಹಳ ಮೆಚ್ಚಿಗೆಯಾದುದು. ಅದನ್ನು ತಿಳಿಯಲು ಯಂತ್ರ ಬೇಕಿಲ್ಲ. ಉಸಿರು ಮೂಗು ಬಿಟ್ಟು ಬಾಯಿಂದ ಬರತೊಡಗಿತು, ಹಣೆಯಲ್ಲೂ ಕಂಕುಳಲ್ಲೂ ಬೆವರು ಒಡೆಯಿತು, ಬಾಯಿ ಒಣಗಿತು ಎಂದರೆ ಅರ್ಧ ಶಕ್ತಿ ಮುಗಿಯಿತೆಂದು ವೈದ್ಯರು ಗುರುತು ಹೇಳಿದ್ದಾರೆ. ಅಲ್ಲಿಗೆ ನಿಲ್ಲಿಸಬೇಕು. ಪೂರ್ತಿ ದಣಿದವನಿಗೆ ನಾಳೆಯ ನೇಮವು ಭಯವಾಗುತ್ತದೆ. ಅರ್ಧ ಉಳಿಸಿಕೊಂಡವನಿಗೆ ನಾಳೆ ಮತ್ತೆ ಬರಬೇಕೆಂಬ ಆಸೆಯಿರುತ್ತದೆ. ನೀವು ಕೇಳುವ ಹುರುಪು ಎಂಬುದು ಬಹುಮಟ್ಟಿಗೆ ಹೀಗೆ ನಿನ್ನೆ ಉಳಿಸಿಟ್ಟ ಶಕ್ತಿಯೇ ಆಗಿದೆ. ಇನ್ನು ವೃದ್ಧರು, ಮಕ್ಕಳು, ಅಜೀರ್ಣವುಳ್ಳವರು ಕಠಿಣ ವ್ಯಾಯಾಮ ಮಾಡಬಾರದೆಂದು ಅದೇ ಗ್ರಂಥ ಎಚ್ಚರಿಸುತ್ತದೆ. ಅವರಿಗೆ ಚಂಕ್ರಮಣವಿದೆ, ಅಂದರೆ ಮೈಗೆ ನೋವಾಗದಂತೆ ಮೆಲ್ಲಗೆ ಅಡ್ಡಾಡುವುದು. ಸುಶ್ರುತನು ಇದನ್ನು ಆಯುಸ್ಸು, ಬಲ, ಬುದ್ಧಿಗಳನ್ನು ಕೊಡುವುದೆಂದು ಹೊಗಳಿದ್ದಾನೆ.

ಈ ಕಾಲದ ಊಟದ ವಿಷಯದಲ್ಲಿ ನಮ್ಮ ಸೀಮೆಯ ತಾಯಂದಿರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಎಳ್ಳಮಾವಾಸ್ಯೆಯ ಬುತ್ತಿಯನ್ನೊಮ್ಮೆ ಬಿಚ್ಚಿ ನೋಡಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಸಜ್ಜಿ ಕಡುಬು, ಹತ್ತಾರು ಬಗೆಯ ಕಾಯಿ ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ ಪಲ್ಲೆ, ಎಣ್ಣೆಗಾಯಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ. ಜೊತೆಗೆ ಮೆಂತ್ಯದ ಸೊಪ್ಪು, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲು ಹಸಿಯಾಗಿಯೇ. ಋತುಚರ್ಯೆಯ ಗ್ರಂಥ ಓದದ ಅಜ್ಜಿಯರು ಅದನ್ನು ಹೀಗೆ ಗಂಟು ಕಟ್ಟಿ ಇಟ್ಟಿದ್ದಾರೆ. ಸಂಕ್ರಾಂತಿಗೆ ಎಳ್ಳು ಅರೆದು ಮೈಗೆ ಹಚ್ಚಿ ಮೀಯುವ ಪದ್ಧತಿಯೂ ಅಭ್ಯಂಗವೇ, ಒಡೆದ ಚರ್ಮಕ್ಕೆ ಅದಕ್ಕಿಂತ ಮದ್ದಿಲ್ಲ. ಆದರೆ ಆ ಬುತ್ತಿಯನ್ನು ತಲೆಯ ಮೇಲೆ ಹೊತ್ತು ಹೊಲದವರೆಗೆ ನಡೆದು, ಚರಗ ಚೆಲ್ಲಿ, ಬಿಳಿಜೋಳದ ಸಾಲುಗಳ ನಡುವೆ ತಿರುಗಿ ಆಮೇಲೆ ಉಣ್ಣುತ್ತಿದ್ದರು. ಈಗ ಬುತ್ತಿ ಕಾರಿನಲ್ಲಿ ಹೋಗುತ್ತದೆ, ಕಾರು ಬದುವಿನವರೆಗೂ ಹೋಗುತ್ತದೆ. ಹೋಳಿಗೆಯ ಸಂಖ್ಯೆ ಮಾತ್ರ ಹಳೆಯ ಲೆಕ್ಕದ್ದೇ ಇದೆ! ಅಂಗಡಿಯ ಗಾದಿಯ ಮೇಲೆ ದಿನವಿಡೀ ಕೂರುವವರು, ಸಕ್ಕರೆ ಕಾಯಿಲೆಯವರು ಈ ಲೆಕ್ಕವನ್ನು ಮರಳಿ ನೋಡಿಕೊಳ್ಳಬೇಕು.

ನೀರಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಆದರೆ ಮೈ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ. ಮಲಬದ್ಧತೆ, ಉರಿಮೂತ್ರ ಹೆಚ್ಚಾಗುವುದು ಇದರಿಂದಲೇ. ಊಟದ ನಡುವಿನ ಹೊತ್ತಿನಲ್ಲಿ ಉಗುರುಬೆಚ್ಚಗಿನ ನೀರನ್ನು ನೆನಪಿಟ್ಟು ಕುಡಿಯಬೇಕು. ಚಹಾ ಇದರ ಲೆಕ್ಕಕ್ಕೆ ಸಾಲದು.

ನಿವೃತ್ತ ಶಿಕ್ಷಕರೊಬ್ಬರ ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೆಸರು ಬೇಡ. ಅವರಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವೂ ಉಂಟು. ಶ್ರಾವಣದಲ್ಲಿ ಸಂಕಲ್ಪ ಮಾಡಿ ದಿನಕ್ಕೆ ಅಂಗಳದ ಹನ್ನೆರಡು ಸುತ್ತು ಹಾಕುತ್ತಿದ್ದರು. ಎರಡು ವರ್ಷ ಹೀಗಾಯಿತು. ಮಾರ್ಗಶಿರದಲ್ಲಿ ಮೊಣಕಾಲು ಬಿಗಿಯುವುದು, ಹನ್ನೆರಡು ಆಗುವುದಿಲ್ಲವೆಂದು ಒಂದೂ ಬೇಡವೆಂದು ಮನೆಯಲ್ಲಿ ಕೂರುವುದು, ಫಾಲ್ಗುಣದಲ್ಲಿ ರಕ್ತ ಪರೀಕ್ಷೆ ಮಾಡಿಸಿ ಚೀಟಿ ಹಿಡಿದು ಸಪ್ಪೆ ಮೋರೆಯಿಂದ ಬರುವುದು. ಮೂರನೆಯ ವರ್ಷ ನಾವು ಅವರಿಗೆ ಹೇಳಿದೆವು: "ಮೇಷ್ಟ್ರೇ, ಪೂಜೆಗೆ ಹೂವು ಸಿಗದ ದಿನ ನೀವು ಪೂಜೆಯನ್ನೇ ಬಿಡುತ್ತೀರಾ? ವಿಭೂತಿ, ಪತ್ರಿಯಲ್ಲಿ ಮುಗಿಸುತ್ತೀರಿ. ಸುತ್ತುಗಳಿಗೂ ಹಾಗೆಯೇ ಮಾಡಿರಿ. ಹನ್ನೆರಡು ಬೇಸಿಗೆಗೆ ಇರಲಿ, ಈಗ ನಾಲ್ಕು ಸಾಕು. ಆದರೆ ನಾಲ್ಕು ತಪ್ಪಬಾರದು." ಅವರು ಲೆಕ್ಕದ ಮೇಷ್ಟ್ರು. ನಾಲ್ಕು ಸುತ್ತಿನಿಂದ ಏನಾದೀತೆಂದು ವಾದ ಮಾಡಿದರು. ನಾವು ವಾದಕ್ಕೆ ಇಳಿಯಲಿಲ್ಲ. ಅವರು ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಬಂದು ನಾಲ್ಕು ಸುತ್ತು ಹಾಕಿ, ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಮನಸ್ಸಾದ ದಿನ ಇನ್ನೆರಡು ಹಾಕಿ ಹೋಗುತ್ತಿದ್ದರು. ಆ ವರ್ಷ ಫಾಲ್ಗುಣದಲ್ಲಿ ಅವರು ಹೊಸದಾಗಿ ಆರಂಭಿಸಬೇಕಾಗಲಿಲ್ಲ. ನಾಲ್ಕು ಆರಾಯಿತು, ಆರು ಹತ್ತಾಯಿತು.

ಆಧುನಿಕ ವೈದ್ಯರ ಮತವೂ ಇದಕ್ಕೆ ದೂರವಾದುದಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವೇಗದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿಂದೆ ಒಂದೇ ಸಮನೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕವೆಂದು ಇದ್ದ ನಿಯಮವನ್ನು ಆ ಸಂಸ್ಥೆ 2020ರಲ್ಲಿ ಕೈಬಿಟ್ಟಿತು. ಐದು ನಿಮಿಷ ನಡೆದದ್ದೂ ಈಗ ಜಮೆಗೆ ಬರುತ್ತದೆ. ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದು ಲೇಸು ಎಂಬುದೇ ಅವರ ನಿಲುವು.

ನೇಮ ಬೇರೂರಲು ಎಷ್ಟು ದಿನ ಬೇಕು? ನಮ್ಮಲ್ಲಿ ಮಂಡಲವೆಂದು 48 ದಿನದ ಅವಧಿಯನ್ನು ಹೇಳುತ್ತಾರೆ. ಲಂಡನ್ನಿನ ವಿಶ್ವವಿದ್ಯಾಲಯವೊಂದರ ವಿದ್ವಾಂಸರು 96 ಮಂದಿಯನ್ನು ಇಟ್ಟುಕೊಂಡು ಇದನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಅವರಲ್ಲಿ ಒಂದು ಅಭ್ಯಾಸ ತಾನಾಗಿಯೇ ನಡೆಯುವಂತಾಗಲು ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನ ಬೇಕೆಂದು ಕಂಡಿತು. ನಡುವಿನ ಲೆಕ್ಕ 66 ದಿನ. ಅವರು ಕಂಡ ಇನ್ನೊಂದು ಸಂಗತಿ ನಮ್ಮ ಓದುಗರಿಗೆ ಹೆಚ್ಚು ಮುಖ್ಯ. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಕುಂದು ಬರಲಿಲ್ಲ. ಒಂದು ದಿನ ಜ್ವರ ಬಂತು, ನೆಂಟರು ಬಂದರು, ಚಳಿಗಾಳಿ ಬೀಸಿತು, ತಪ್ಪಿತು. ಅಷ್ಟಕ್ಕೆ ವ್ರತಭಂಗವಾಯಿತೆಂದು ಹಲುಬುತ್ತ ವಾರವಿಡೀ ಮಲಗುವವರನ್ನು ನಾವು ನೋಡಿದ್ದೇವೆ. ತಪ್ಪಿದ ದಿನಕ್ಕೆ ಪ್ರಾಯಶ್ಚಿತ್ತವೆಂದರೆ ಮರುದಿನ ನಡೆಯುವುದು, ಅಷ್ಟೇ. ಎರಡು ದಿನದ್ದನ್ನು ಕೂಡಿಸಿ ಒಮ್ಮೆಲೆ ನಡೆಯುವುದೂ ಬೇಡ.

ಜೊತೆ ಇದ್ದರೆ ನೇಮ ನಿಲ್ಲುತ್ತದೆ. ನಮ್ಮ ಅಂಗಳದಲ್ಲಿ ಪುಷ್ಯದಲ್ಲೂ ತಪ್ಪದೆ ಬರುವ ಏಳೆಂಟು ಮಂದಿಯಲ್ಲಿ ಆರು ಜನ ಜೋಡಿಗಳೇ. ಒಬ್ಬರು ಇನ್ನೊಬ್ಬರ ಬಾಗಿಲಿನ ಮುಂದೆ ನಿಂತು ಕೆಮ್ಮುತ್ತಾರೆ. ಒಳಗಿದ್ದವರಿಗೆ ನಾಚಿಕೆಯಾಗಿ ಏಳಬೇಕಾಗುತ್ತದೆ. ಹಾಸಿಗೆಯೊಡನೆ ವಾದ ಮಾಡಿ ಗೆಲ್ಲುವುದು ಕಷ್ಟ, ಬಾಗಿಲಲ್ಲಿ ನಿಂತ ಗೆಳೆಯನೊಡನೆ ವಾದ ಮಾಡಲು ಯಾರಿಗೂ ಆಗದು.

ಈಗ ಒಂದು ನಿಷ್ಠುರದ ಮಾತು. ಗಂಡಸರ ಆರೋಗ್ಯದ ನೇಮ ಹಲವು ಮನೆಗಳಲ್ಲಿ ಹೆಂಗಸರ ನಿದ್ರೆಯ ಮೇಲೆ ನಡೆದಿದೆ. ಮಾವನವರು ಐದಕ್ಕೆ ತಿರುಗಾಡಲು ಹೊರಡಬೇಕೆಂದರೆ ಸೊಸೆಯು ನಾಲ್ಕೂವರೆಗೆ ಎದ್ದು ನೀರೊಲೆಗೆ ಉರಿ ಹಾಕಬೇಕು, ಮರಳಿ ಬರುವಷ್ಟರಲ್ಲಿ ಕಷಾಯ ಸಿದ್ಧವಿರಬೇಕು. ಆಕೆ ರಾತ್ರಿ ಪಾತ್ರೆ ತೊಳೆದು ಮಲಗಿದ್ದು ಹನ್ನೊಂದಕ್ಕೆ. ಇಂಥ ನೇಮದಿಂದ ಯಾವ ಪುಣ್ಯವೂ ಇಲ್ಲ, ಇದನ್ನು ನಾವು ಸ್ಪಷ್ಟವಾಗಿಯೇ ಹೇಳುತ್ತೇವೆ. ನೀರು ಕಾಯಿಸಿಕೊಳ್ಳಲು ಬರುವವನಿಗೇ ತಿರುಗಾಡುವ ಅಧಿಕಾರ. ಮನೆಗೆಲಸವನ್ನೂ ವೈದ್ಯರು ದೈಹಿಕ ಚಟುವಟಿಕೆಯೆಂದೇ ಎಣಿಸುತ್ತಾರೆ. ಆದುದರಿಂದ ದಿನವಿಡೀ ದುಡಿಯುವ ತಾಯಂದಿರಿಗೆ ಚಳಿಗಾಲದಲ್ಲಿ ಬೇಕಾದದ್ದು ಇನ್ನೊಂದು ದುಡಿಮೆಯಲ್ಲ. ತಣ್ಣೀರಿನ ಬದಲು ಬೆಚ್ಚಗಿನ ನೀರಿನಲ್ಲಿ ಬಟ್ಟೆ ಪಾತ್ರೆ ತೊಳೆಯುವ ಅನುಕೂಲ, ಒಡೆದ ಹಿಮ್ಮಡಿಗೆ ಎಣ್ಣೆ ಹಚ್ಚಿಕೊಳ್ಳುವಷ್ಟು ಬಿಡುವು, ಎಲ್ಲರೂ ಉಂಡು ಉಳಿದದ್ದಲ್ಲದೆ ಎಲ್ಲರೊಡನೆ ಬಿಸಿಬಿಸಿಯಾದ ಊಟ, ಮಧ್ಯಾಹ್ನ ಅರ್ಧ ತಾಸು ಬಿಸಿಲು. ಇದೂ ಮನೆಯ ನೇಮವಾಗಲಿ.

ಚಳಿಯೊಡನೆ ಶೌರ್ಯ ತೋರಿಸುವವರಿಗೂ ಎರಡು ಮಾತು ಹೇಳಬೇಕು. ತಣ್ಣೀರಿನಲ್ಲಿ ಮೀಯುವುದನ್ನೇ ತಪಸ್ಸೆಂದು ತಿಳಿದ ಅರವತ್ತು ದಾಟಿದವರು ನಮಗೆ ಗೊತ್ತಿದ್ದಾರೆ. ನಾವೂ ಅರವತ್ತು ದಾಟಿದವರೇ, ಬೆಚ್ಚಗಿನ ನೀರಿನಲ್ಲಿಯೇ ಸ್ನಾನ ಮಾಡುತ್ತೇವೆ, ಪೂಜೆಗೆ ಅದರಿಂದ ಯಾವ ಲೋಪವೂ ಬಂದಿಲ್ಲ. ಚಳಿ ತಾಗಿದಾಗ ರಕ್ತನಾಳಗಳು ಕುಗ್ಗುತ್ತವೆ, ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಭಾರ ಬೀಳುತ್ತದೆ. ಚಳಿಗಾಲದಲ್ಲಿ ಹೃದಯಾಘಾತಗಳು ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಹೃದಯದ ತೊಂದರೆ, ರಕ್ತದೊತ್ತಡ ಇದ್ದವರು ನಸುಕಿನ ಚಳಿಯಲ್ಲಿ ಹೊರಬೀಳದೆ ಬಿಸಿಲು ಬಂದ ಮೇಲೆ, ತಲೆ ಕಿವಿ ಮುಚ್ಚಿಕೊಂಡು, ಮೊದಲು ಮನೆಯೊಳಗೆ ನಾಲ್ಕು ಹೆಜ್ಜೆ ಹಾಕಿ ಮೈ ಸಡಿಲಗೊಳಿಸಿ ಹೊರಡಬೇಕು. ನಡೆಯುವಾಗ ಎದೆ ಹಿಡಿದಂತಾದರೆ, ಎಡಗೈ ಅಥವಾ ದವಡೆ ಸೆಳೆದರೆ, ಅದು ವಾಯುವೆಂದು ಇಂಗು ತಿನ್ನುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗುಳಿಗೆಗಳನ್ನು ನಡೆದಾಟದ ಭರವಸೆಯ ಮೇಲೆ ತಾವೇ ಬಿಡಬಾರದು. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುತ್ತದೆ. ಬಿಸಿನೀರಿನ ಚೀಲದಿಂದಲೋ ಬೆಂಕಿಯಿಂದಲೋ ಕಾಲು ಕಾಯಿಸಿಕೊಳ್ಳಲು ಹೋಗಿ ಸುಟ್ಟರೂ ಗೊತ್ತಾಗದ ಅಪಾಯವಿದೆ. ಕಾಲಚೀಲವೇ ಸಾಕು.

ಕೆಂಡದ ಬಗ್ಗೆಯಂತೂ ಎಷ್ಟು ಎಚ್ಚರಿಸಿದರೂ ಕಡಿಮೆಯೇ. ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗುವ ಪದ್ಧತಿ ಇನ್ನೂ ಇದೆ. ಬಾಣಂತಿಯ ಕೋಣೆಯಲ್ಲಿ ಇದು ಹೆಚ್ಚು. ಅರೆಬರೆ ಉರಿಯುವ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಎಚ್ಚರವಾಗುವುದೇ ಇಲ್ಲ. ಹಳೆಯ ಹೆಂಚಿನ ಮನೆಗಳಲ್ಲಿ ಗಾಳಿ ಆಡಲು ಬೆಳಕಿಂಡಿಗಳಿದ್ದವು, ಈಗಿನ ಸಿಮೆಂಟಿನ ಕೋಣೆಗಳಲ್ಲಿ ಅವಿಲ್ಲ. ಗಾಳಿಯಾಡದ ಬಚ್ಚಲಿನಲ್ಲಿ ಹಾಕಿಸಿದ ಗ್ಯಾಸ್ ಗೀಸರಿನಿಂದಲೂ ಇದೇ ಅಪಾಯ. ಬೆಚ್ಚಗಿರಬೇಕೆಂದರೆ ಕಂಬಳಿ ಇನ್ನೊಂದು ಹೊದೆಯಿರಿ, ಕೆಂಡ ಹೊರಗಿರಲಿ.

ಕೊನೆಯದಾಗಿ ಶ್ರೀಶೈಲದ ಮಾತು. ಯುಗಾದಿಗೆ ಮಲ್ಲಯ್ಯನ ದರ್ಶನಕ್ಕೆಂದು ನಮ್ಮ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಸಹಸ್ರಾರು ಭಕ್ತರು ಕಂಬಿ ಹೊತ್ತು ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಫಾಲ್ಗುಣದ ಬಿಸಿಲಿನಲ್ಲಿ ನೂರಾರು ಮೈಲಿ, ಆಮೇಲೆ ನಲ್ಲಮಲೆಯ ಕಾಡು, ಭೀಮನ ಕೊಳ್ಳದ ಇಳಿಜಾರು, ಏರು. ಅಲ್ಲಿಯವರೆಗೆ ಮನೆಯಲ್ಲಿ ಕುಳಿತಿದ್ದು, ಹೊರಡುವ ದಿನ ಮಾತ್ರ ಭಕ್ತಿಯ ಆವೇಶದಿಂದ ಎದ್ದವರು ಮೂರನೆಯ ಮಜಲಿಗೇ ಬೊಬ್ಬೆಗಾಲಿನಿಂದ ಬಸ್ಸು ಹತ್ತುತ್ತಾರೆ. ಹೇಮಂತದಲ್ಲಿ ದಿನಕ್ಕೆ ನಾಲ್ಕು ಸುತ್ತಾದರೂ ಬಿಡದೆ ಹಾಕಿದವರ ಕಾಲುಗಳು ಕೈಲಾಸ ದ್ವಾರದವರೆಗೂ ತಲುಪುತ್ತವೆ. ಮಲ್ಲಯ್ಯನ ದಾರಿಯ ಆರಂಭ ಎಳ್ಳಮಾವಾಸ್ಯೆಯ ಚಳಿಯಲ್ಲಿಯೇ ಆಗಬೇಕೆಂದು ಈ ಸಲ ಯಾತ್ರೆಗೆ ಹೆಸರು ಕೊಡಲು ಬಂದವರಿಗೆಲ್ಲ ತಿಳಿಸಿದ್ದೇವೆ. ಕಳೆದ ಸೋಮವಾರದಿಂದ ನಾಲ್ವರು ಸಂಜೆ ಐದಕ್ಕೆ ಅಂಗಳಕ್ಕೆ ಬರತೊಡಗಿದ್ದಾರೆ. ಅವರಲ್ಲಿ ಒಬ್ಬ ತಾಯಿ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದರು, ಎರಡನೆಯ ದಿನವೇ ಹಿಮ್ಮಡಿ ಕಚ್ಚಿ ಕುಂಟಿದರು. ಈಗಲೇ ಕಚ್ಚಲಿ ಬಿಡಿ ಎಂದೆವು, ಯುಗಾದಿಯ ಹೊತ್ತಿಗೆ ಚಪ್ಪಲಿ ಹದಕ್ಕೆ ಬಂದಿರುತ್ತದೆ.